ದಾಳಿಂಬ್ರಿ ಸೆರಗು, ತೆರೆಯದ ಫೈಲು

ಮದುವೆ ಸೀಸನ್ ಇಲ್ಲದ ದಿನಗಳಲ್ಲಿ ನನ್ನ ಸ್ಟುಡಿಯೋ ಬಾಡಿಗೆ ಹುಟ್ಟುವುದು ಇಳಕಲ್ಲಿನ ಸೀರೆ ವ್ಯಾಪಾರಿಗಳಿಂದ. 2022ರ ಸಂಕ್ರಾಂತಿ ಆದಮೇಲೆ ಒಬ್ಬ ಸಾವಕಾರ್ರು ನಲವತ್ತು ಸೀರೆ ಫೋಟೋಕ್ಕೆ ಕಳಿಸಿದರು. ಅದೇ ವಾರ ಲ್ಯಾಪ್‌ಟಾಪು ಕೈಕೊಟ್ಟಿತು. ಅದರಲ್ಲಿದ್ದದ್ದೆಲ್ಲ ಯಾರೋ ಹಾಕಿಕೊಟ್ಟ ಸಾಫ್ಟ್‌ವೇರಿನ ಕಳ್ಳಪ್ರತಿಗಳು, ಹೀಗಾಗಿ ಯಾರನ್ನೂ ಬೈಯುವಂತೆಯೂ ಇರಲಿಲ್ಲ. ಅಕ್ಕನ ಮಗ ಬಂದು, "ಮಾಮಾ, ಕಳ್ಳಮಾಲು ಸಾಕು ಇನ್ನ" ಅಂದವನೇ ವಿಂಡೋಸ್ ಬದಲು ಬಳಸಬಹುದಾದ ಪುಕ್ಕಟೆ ಲಿನಕ್ಸ್ ಮಿಂಟ್ 20 ಹಾಕಿ, ಜೊತೆಗೆ ಫೋಟೋ ತಿದ್ದುವ ಡಾರ್ಕ್‌ಟೇಬಲ್ ಕೂಡ ಇಳಿಸಿಕೊಟ್ಟು ಹೋದ.

ಸೀರೆಗಳನ್ನೆಲ್ಲ ರಾ ದಲ್ಲೇ, ಅಂದರೆ ಸೆನ್ಸರ್ ಅಳೆದದ್ದನ್ನು ಸಂಸ್ಕರಿಸದೆ ಇಡುವ ಫೈಲಿನಲ್ಲೇ ತೆಗೆದೆ. ಕಾರ್ಡ್ ಹಾಕಿದರೆ ಒಂದು ಫೈಲೂ ತೆರೆಯಲಿಲ್ಲ. ನನ್ನ ಕ್ಯಾಮೆರಾ ಕ್ಯಾನನ್ ಎಂ50. ಸಿಆರ್3 ಎಂಬ ಕ್ಯಾನನ್‌ನ ಹೊಸ ರಾ ಫೈಲು ಮೊದಲು ಬಂದದ್ದೇ 2018ರ ಈ ಮಾಡೆಲ್‌ನಲ್ಲಿ. ಹಳೆಯ ಸಿಆರ್2 ಟಿಫ್ ಎಂಬ ಚಿತ್ರ ಫೈಲಿನ ಮೇಲೆ ಕಟ್ಟಿದ್ದಾದರೆ, ಇದರ ಹೊರಕವಚ ಎಂಪಿ4 ವಿಡಿಯೋ ಫೈಲಿನ ಜಾತಿಯದು. ಒಳಗಿನ ಸಂಕೋಚನವೂ ಬೇರೆ. ಇಂಥ ವಿವರಗಳನ್ನು ಕ್ಯಾಮೆರಾ ತಯಾರಕರು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ಯಾರೋ ಪುಣ್ಯಾತ್ಮರು ಕೂತು ಬೈಟ್ ಬೈಟ್ ಬಿಡಿಸಿ ನೋಡಬೇಕು. 1997ರಲ್ಲಿ ಡೇವ್ ಕಾಫಿನ್ ರಾ ಫೈಲು ಓದುವ ಡಿಸಿರಾ ಎಂಬ ಪ್ರೋಗ್ರಾಮು ಬರೆಯಲು ಶುರುಮಾಡಿದ್ದು ಹೀಗೆಯೇ. ಅದರ ಬೇರಿನಿಂದ ಚಿಗುರಿದ್ದು, ಬೇರೆ ಸಾಫ್ಟ್‌ವೇರುಗಳಿಗೂ ರಾ ಓದಿಕೊಡುವ ಲಿಬ್‌ರಾ.

ಸಾವಕಾರ್ರಿಗೆ ಅವತ್ತೇ ಫೋಟೋ ಬೇಕಿತ್ತು. ರಾ ಫೈಲಿನ ಹೊಟ್ಟೆಯಲ್ಲಿ ಕ್ಯಾಮೆರಾ ತಾನೇ ಮಾಡಿಟ್ಟ ಜೆಪೆಗ್ ಒಂದಿರುತ್ತದೆ. ಎಕ್ಸಿಫ್‌ಟೂಲ್ ಎಂಬ ಸಣ್ಣ ಪ್ರೋಗ್ರಾಮಿನಿಂದ ಅದನ್ನು ಹೊರಗೆಳೆದು ವಾಟ್ಸ್‌ಆ್ಯಪ್ ಮಾಡಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಏನ್ರೀ ಇದು, ನಮ್ಮ ದಾಳಿಂಬ್ರಿ ಕೆಂಪು ಹೋಗಿ ಟೊಮ್ಯಾಟೊ ಆಗೇತಲ್ರಿ? ಸೆರಗಿನ್ಯಾಗ ಎಳಿ ಒಂದೂ ಕಾಣವಲ್ದು."

ಅವರು ಹೇಳಿದ್ದು ಖರೆ. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆ. ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಜಾಗದಲ್ಲೇ ನೇಕಾರನ ಕೈ ಗೊತ್ತಾಗುವುದು. ಬೆಳಕು ಬಿದ್ದರೆ ಕೆಂಪು ರೇಷ್ಮೆ ಉರಿಯುತ್ತದೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. ಕೆಂಪು ಮೇಲಿನ ಮೆಟ್ಟಿಲು ಮುಟ್ಟಿದರೆ ಅಲ್ಲಿಂದಾಚೆ ಎಲ್ಲ ಒಂದೇ ಸಪಾಟು ಬಣ್ಣ, ಎಳೆಯೂ ಇಲ್ಲ, ಕೊಂಡಿಯೂ ಇಲ್ಲ. 14 ಬಿಟ್ ರಾ ದಲ್ಲಿ 16,384 ಮೆಟ್ಟಿಲು. ಅಂದರೆ ಆ ಎಳೆಗಳು ನನ್ನ ಕಾರ್ಡಿನೊಳಗೇ ಇದ್ದವು, ಬಾಗಿಲಿಗೆ ಕೀಲಿ ಬಿದ್ದಿತ್ತು ಅಷ್ಟೇ.

ರಾತ್ರಿಯೆಲ್ಲ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ತಪ್ಪು ನನ್ನದೇ. ಡಾರ್ಕ್‌ಟೇಬಲ್‌ನ ಆವೃತ್ತಿ ಎಷ್ಟೆಂದು ನಾನು ನೋಡೇ ಇರಲಿಲ್ಲ. ಮಿಂಟ್ 20 ನಿಂತಿರುವುದು ಉಬುಂಟು 20.04 ಎಂಬ ಇನ್ನೊಂದು ಲಿನಕ್ಸ್ ಮೇಲೆ. ಸ್ಥಿರವಾಗಿರಲಿ ಎಂದು ಅಲ್ಲಿ ಸಾಫ್ಟ್‌ವೇರುಗಳನ್ನು ಬಿಡುಗಡೆಯ ಹೊತ್ತಿನ ಆವೃತ್ತಿಯಲ್ಲೇ ಇಟ್ಟಿರುತ್ತಾರೆ. ನನ್ನಲ್ಲಿದ್ದದ್ದು 3.0.1. ಸಿಆರ್3 ಓದುವ ಶಕ್ತಿ ಡಾರ್ಕ್‌ಟೇಬಲ್‌ಗೆ ಲಿಬ್‌ರಾ ಮೂಲಕ ಬಂದದ್ದು 3.8ರಲ್ಲಿ, ಅದೂ 2021ರ ಡಿಸೆಂಬರ್ ಕೊನೆಗೆ. ನಾನು ಒದ್ದಾಡುತ್ತಿದ್ದ ದಿನಕ್ಕೆ ಇನ್ನೂ ತಿಂಗಳು ತುಂಬಿರಲಿಲ್ಲ! ಹಳೆಯದನ್ನು ತೆಗೆದು, ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಫ್ಲ್ಯಾಟ್‌ಪ್ಯಾಕ್ (ಉಬುಂಟುವಿನ ಆವೃತ್ತಿಗೆ ಅಂಟಿಕೊಳ್ಳದ ಪ್ಯಾಕೇಜು) ಎಂದು ಗುರುತಿರುವ ಹೊಸದನ್ನು ಹಾಕಿದೆ. ನಲವತ್ತೂ ಸೀರೆ ಸಾಲಾಗಿ ಬಂದು ಕೂತವು.

ಫೈಲು ತೆರೆದ ಕೂಡಲೇ ಕೆಲಸ ಮುಗಿಯಿತೆಂದು ಹಿಗ್ಗಿದೆ. ಆದರೆ ರಾ ಎಂಬುದು ಬೇಯಿಸದ ಹಿಟ್ಟು. ಸೆನ್ಸರಿನ ಒಂದೊಂದು ಚುಕ್ಕಿಯೂ ಅಳೆಯುವುದು ಒಂದೊಂದೇ ಬಣ್ಣ: ಅರ್ಧ ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಉಳಿದದ್ದನ್ನು ಸಾಫ್ಟ್‌ವೇರು ಅಕ್ಕಪಕ್ಕದ ಚುಕ್ಕಿ ನೋಡಿ ತುಂಬಬೇಕು. ಆಯಾ ಕ್ಯಾಮೆರಾದ ಕಪ್ಪು ಎಲ್ಲಿಂದ ಶುರು, ಬಿಳಿ ಎಲ್ಲಿಗೆ ಕೊನೆ, ಅದರ ಕೆಂಪು ನಮ್ಮ ಕಣ್ಣಿನ ಯಾವ ಕೆಂಪು ಎಂಬ ಲೆಕ್ಕವೂ ಅದಕ್ಕೆ ಗೊತ್ತಿರಬೇಕು. ಕ್ಯಾಮೆರಾಕ್ಕೆ ಬೆಂಬಲ ಇದೆ ಅಂದರೆ ಇಷ್ಟೆಲ್ಲ ಇದೆ ಎಂದರ್ಥ.

ಡಾರ್ಕ್‌ಟೇಬಲ್‌ನಲ್ಲಿ ಎರಡು ಎಚ್ಚರಿಕೆ ಗುಂಡಿಗಳಿವೆ. ಒಂದು ಕೊನೆಯ ಚಿತ್ರದಲ್ಲಿ ಬಣ್ಣ ಮಿತಿಮೀರಿದ ಜಾಗ ತೋರಿಸುತ್ತದೆ, ಇನ್ನೊಂದು ಮೂಲ ರಾ ದಲ್ಲೇ ಮೀರಿದ್ದನ್ನು. ಮೊದಲನೆಯದನ್ನು ಒತ್ತಿದೆ, ಸೆರಗಿನ ತುಂಬ ಗುರುತು. ಎರಡನೆಯದನ್ನು ಒತ್ತಿದೆ, ಏನೂ ಇಲ್ಲ. ಅಬ್ಬಾ! ಎಕ್ಸ್‌ಪೋಜರ್ ಸ್ವಲ್ಪ ಇಳಿಸಿ, ಸೀರೆಯ ಪಕ್ಕ ಇಟ್ಟಿದ್ದ ಬೂದು ಕಾರ್ಡಿನ ಮೇಲೆ ಬಣ್ಣ ಹೊಂದಿಸಿ, ಅದನ್ನೇ ಉಳಿದ ಮೂವತ್ತೊಂಬತ್ತಕ್ಕೂ ಅಂಟಿಸಿದೆ. ಹಳೆಯ ಲ್ಯಾಪ್‌ಟಾಪು ಒಂದೊಂದು ಫೋಟೋಕ್ಕೂ ತಿಣುಕಿತು. ಎರಡು ಸಲ ಚಾ ಕುಡಿದು ಬಂದೆ.

ಈ ಸಲ ಸಾವಕಾರ್ರು ತಾವೇ ಅಂಗಡಿಗೆ ಬಂದು, ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ಪರದೆಯ ಪಕ್ಕ ಇಟ್ಟು ನೋಡಿದರು.

"ಬಣ್ಣ ಕೂಡೇತಿ. ಆದ್ರ ಅಂಚು ಯಾಕ ಡೊಂಕ ಆಗೇತ್ರಿ?"

ಕ್ಯಾಮೆರಾ ಜೊತೆಗೇ ಬಂದ 15-45 ಕಿಟ್ ಲೆನ್ಸನ್ನು ಅದರ ಅತಿ ಅಗಲದ 15 ಎಂಎಂಗೆ ಇಟ್ಟು ತೆಗೆದಿದ್ದೆ. ಆ ಕೋನದಲ್ಲಿ ಚೌಕಟ್ಟಿನ ಬದಿಗೆ ಬಿದ್ದ ನೇರ ಗೆರೆ ಹೊಟ್ಟೆ ಬಿಡುತ್ತದೆ. ಅದನ್ನು ತಿದ್ದಲು ಲೆನ್ಸ್‌ಫನ್ ಎಂಬ ಬೇರೆಯೇ ಭಂಡಾರವಿದೆ. ಬಳಕೆದಾರರು ತಮ್ಮ ತಮ್ಮ ಲೆನ್ಸಿನ ಅಳತೆ ತೆಗೆದು ಅದಕ್ಕೆ ಕಳಿಸಿರುತ್ತಾರೆ. ಲೆನ್ಸ್ ತಿದ್ದುಪಡಿಯಲ್ಲಿ ನನ್ನ ಲೆನ್ಸ್ ತಾನಾಗಿ ಬರಲಿಲ್ಲ. ಪಟ್ಟಿ ಸರಿಸಿ 15-45 ಹುಡುಕಿ ಆರಿಸಿದೆ. ಅಂಚು ನೆಟ್ಟಗಾಯಿತು.

ಆಮೇಲೆ ಹೊಸ ಹಾರ್ಡ್‌ಡಿಸ್ಕಿಗೆ ಸಾಗಿಸುವಾಗ ಸಿಆರ್3 ಫೈಲುಗಳನ್ನಷ್ಟೇ ಒಯ್ದು, ಪಕ್ಕದ ಎಕ್ಸ್‌ಎಂಪಿ ಫೈಲುಗಳನ್ನು ಕಸವೆಂದು ಅಳಿಸಿಬಿಟ್ಟೆ. ಡಾರ್ಕ್‌ಟೇಬಲ್ ರಾ ಫೈಲನ್ನು ಮುಟ್ಟುವುದಿಲ್ಲ, ನಾವು ಮಾಡಿದ ತಿದ್ದುಪಡಿಯೆಲ್ಲ ಆ ಪುಟ್ಟ ಫೈಲಿನಲ್ಲಿರುತ್ತದೆ. ಹೊಸ ಜಾಗದಲ್ಲಿ ತೆರೆದರೆ ನಲವತ್ತೂ ಸೀರೆ ಮತ್ತೆ ಹಸಿಹಿಟ್ಟು. ಈಗ ಸೀರೆಯ ಫೋಲ್ಡರನ್ನು ಇಡಿಯಾಗಿ ನಕಲು ಮಾಡುತ್ತೇನೆ, ಒಳಗೆ ಏನಿದೆ ಎಂದು ಆರಿಸಲು ಹೋಗುವುದಿಲ್ಲ.