ಅಜ್ಜಿಯಿಂದ ಮೊಮ್ಮಗಳವರೆಗೆ: ಮನೆಮಂದಿಯೆಲ್ಲ ಗೋ-ಕಾರ್ಟಿಂಗ್‌ಗೆ ಹೋಗುವುದು ಹೇಗೆ?

ನಮ್ಮ ಮನೆಯಲ್ಲಿ 7 ವರ್ಷದ ಮಗಳಿದ್ದಾಳೆ, 14ರ ಅಕ್ಕನ ಮಗನಿದ್ದಾನೆ, 40 ದಾಟಿದ ನಾವಿಬ್ಬರಿದ್ದೇವೆ, 65ರ ಅಮ್ಮ ಇದ್ದಾರೆ. ಎಲ್ಲರಿಗೂ ಒಟ್ಟಿಗೆ ಖುಷಿ ಕೊಡುವ ಆಟ ಹುಡುಕುವುದು ಕಷ್ಟ. ಒಬ್ಬರಿಗೆ ಇಷ್ಟವಾದದ್ದು ಇನ್ನೊಬ್ಬರಿಗೆ ಬೇಜಾರು. ಒಳಾಂಗಣ ಗೋ-ಕಾರ್ಟಿಂಗ್, ಅಂದರೆ ಸೂರಿನಡಿಯ ಟ್ರ್ಯಾಕ್‌ನಲ್ಲಿ ಕಾರ್ಟ್ ಎಂಬ ಪುಟ್ಟ ತೆರೆದ ಗಾಡಿ ಓಡಿಸುವ ಆಟ ಮಾತ್ರ ಎಲ್ಲರಿಗೂ ಒಗ್ಗಿತು. ಮಳೆ ಬಂದರೂ ತೊಂದರೆಯಿಲ್ಲ, ಡ್ರೈವಿಂಗ್ ಬರದಿದ್ದರೂ ಕಲಿಯಬಹುದು.

ಆದರೆ ಮೊದಲ ಸಲ ನಾವು ಏನೂ ವಿಚಾರಿಸದೆ ಸುಮ್ನೆ ಹೊರಟುಬಿಟ್ಟಿದ್ದೆವು. ಬಾಗಿಲ ಪಕ್ಕದ ಗೋಡೆಯ ಮೇಲೆ ಎತ್ತರದ ಗೆರೆ ಹಾಕಿದ್ದರು. ಮಗಳು ಅಲ್ಲಿ ಹೋಗಿ ನಿಂತಳು. ಗೆರೆಗೆ ಎರಡು ಬೆರಳು ಕಡಿಮೆ. ಹಿಮ್ಮಡಿ ಎತ್ತಿದಳು. ಅಲ್ಲಿದ್ದ ಹುಡುಗ ಮೆಲ್ಲಗೆ ಅವಳ ಭುಜದ ಮೇಲೆ ಕೈಯಿಟ್ಟು ಕೆಳಗಿಳಿಸಿದ. ಉಳಿದವರು ಓಡಿಸುತ್ತಿದ್ದರೆ ಅವಳು ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಅದಕ್ಕೇ ಹೇಳುತ್ತೇನೆ, ಈ ಆಟದ ತಯಾರಿ ಮನೆಯ ಅತಿ ಚಿಕ್ಕವರಿಂದ ಶುರುವಾಗಬೇಕು.

ಮೊದಲು ಅಳತೆ, ಆಮೇಲೆ ಬುಕಿಂಗ್

ಇಲ್ಲಿ ವಯಸ್ಸಿಗಿಂತ ಎತ್ತರ ಮುಖ್ಯ. ಸೀಟಿಗೆ ಬೆನ್ನು ಒರಗಿಸಿ ಕೂತಾಗ ಕಾಲು ಬ್ರೇಕನ್ನು ಕೊನೆಯವರೆಗೆ ಒತ್ತುವಂತಿರಬೇಕು. ಮಕ್ಕಳ ಕಾರ್ಟ್‌ಗೆ ಸುಮಾರು 120 ಸೆಂ.ಮೀ., ದೊಡ್ಡವರ ಕಾರ್ಟ್‌ಗೆ 145ರಿಂದ 150 ಸೆಂ.ಮೀ. ಎತ್ತರ ಕೇಳುವ ಟ್ರ್ಯಾಕ್‌ಗಳು ಬಹಳ. ಆದರೆ ಒಂದೊಂದು ಕಡೆ ಒಂದೊಂದು ಲೆಕ್ಕ. ಮನೆಯಲ್ಲೇ ಮಕ್ಕಳನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು ಗುರುತು ಹಾಕಿ ಅಳೆಯಿರಿ. ಆಮೇಲೆ ಫೋನ್ ಮಾಡಿ.

ಫೋನಿನಲ್ಲಿ ಇಷ್ಟು ಕೇಳಿ. ಮಕ್ಕಳ ಕಾರ್ಟ್ ಬೇರೆ ಇದೆಯಾ? ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ಬಿಡುತ್ತಾರಾ, ಬೇರೆ ಬೇರೆ ಸರದಿಯಾ? ದೊಡ್ಡವರು ಓಡಿಸಿ ಪಕ್ಕದಲ್ಲಿ ಮಗು ಕೂರುವ ಎರಡು ಸೀಟಿನ ಕಾರ್ಟ್ ಇದೆಯಾ? ಎತ್ತರ ಸಾಲದ ಮಗುವಿಗೆ ಇದೇ ದಾರಿ. ಎರಡನೇ ಸಲ ನನ್ನ ಮಗಳು ನನ್ನ ಪಕ್ಕ ಕೂತೇ ಟ್ರ್ಯಾಕ್ ಸುತ್ತಿದಳು. ತೂಕದ ಮಿತಿ ಇದ್ದರೆ ಅದನ್ನೂ ಈಗಲೇ ಕೇಳಿಕೊಳ್ಳಿ. ಅಲ್ಲಿ ಎಲ್ಲರೆದುರು ಕೇಳಿಸಿಕೊಳ್ಳುವ ಮುಜುಗರ ಯಾರಿಗೂ ಬೇಡ.

ಇನ್ನೊಂದು ಪ್ರಶ್ನೆ ಮರೆಯಬೇಡಿ: ಕಾರ್ಟ್ ಪೆಟ್ರೋಲಿನದಾ, ಬ್ಯಾಟರಿಯದಾ? ಪೆಟ್ರೋಲ್ ಎಂಜಿನ್ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಗಾಳಿ ಸರಿಯಾಗಿ ಆಡದಿದ್ದರೆ ತಲೆನೋವು, ವಾಕರಿಕೆ ಶುರುವಾಗಬಹುದು. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನು ಬ್ಯಾಟರಿ ಕಾರ್ಟ್ ಇರುವ ಕಡೆಗೇ ಹೋಗುತ್ತೇನೆ. ಸದ್ದೂ ಕಡಿಮೆ. ಎಷ್ಟೋ ಕಡೆ ಸಿಬ್ಬಂದಿಯೇ ರಿಮೋಟ್‌ನಿಂದ ಕಾರ್ಟಿನ ವೇಗ ತಗ್ಗಿಸಬಲ್ಲರು. ಒಂದೇ ಎಚ್ಚರ ಏನೆಂದರೆ, ಬ್ಯಾಟರಿ ಮೋಟರ್ ನಿಂತಲ್ಲಿಂದಲೇ ಪೂರ್ತಿ ಬಲದಲ್ಲಿ ಎಳೆಯುತ್ತದೆ. ಪೆಡಲನ್ನು ಮೆಲ್ಲಗೆ ಒತ್ತಬೇಕು.

ಯಾರು ಕೂರಬಾರದು?

ಕಾರ್ಟ್‌ಗೆ ಕಾರಿನ ಹಾಗೆ ಸಸ್ಪೆನ್ಷನ್ (ಕುಲುಕಾಟ ತಡೆಯುವ ಸ್ಪ್ರಿಂಗ್ ವ್ಯವಸ್ಥೆ) ಇಲ್ಲ. ನೆಲದ ಪ್ರತಿ ಉಬ್ಬು ನೇರವಾಗಿ ಬೆನ್ನಿಗೆ ಬಡಿಯುತ್ತದೆ. ಹಾಗಾಗಿ ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು, ಬೆನ್ನು-ಕುತ್ತಿಗೆ ನೋವಿರುವವರು, ಹೃದಯದ ತೊಂದರೆ ಅಥವಾ ಫಿಟ್ಸ್ ಇರುವವರು ಕೂರಬಾರದು. "ಒಂದೇ ರೌಂಡು, ಏನಾಗಲ್ಲ" ಎಂದು ದಯವಿಟ್ಟು ಯಾರನ್ನೂ ಒತ್ತಾಯ ಮಾಡಬೇಡಿ. ನಮ್ಮ ಮನೆಯವರಿಗೆ ಡಿಸ್ಕ್ ತೊಂದರೆ ಇದೆ. ಅವರು ಟ್ರ್ಯಾಕ್‌ನ ಪರದೆಯ ಮುಂದೆ ನಿಂತು ಎಲ್ಲರ ಲ್ಯಾಪ್ ಟೈಮ್, ಅಂದರೆ ಒಂದೊಂದು ಸುತ್ತಿಗೆ ಹಿಡಿದ ಸಮಯ, ಬರೆದುಕೊಳ್ಳುತ್ತಾರೆ. ಆ ಕೆಲಸ ಯಾರಾದರೂ ಮಾಡಲೇಬೇಕು. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಕೂದಲು, ಬಟ್ಟೆ, ಹೆಲ್ಮೆಟ್

ಬೆರಳು, ಹಿಮ್ಮಡಿ ಎಲ್ಲ ಮುಚ್ಚುವ ಶೂ ಇರಲಿ. ಪ್ಯಾಂಟ್ ತೀರಾ ಸಡಿಲ ಬೇಡ. ಇಷ್ಟು ಸಾಕು. ಆದರೆ ಕೂದಲಿನ ಮಾತು ಬೇರೆ. ಸೀಟಿನ ಹಿಂದೆಯೇ ಚಕ್ರದ ಆಕ್ಸಲ್ (ಎರಡೂ ಚಕ್ರ ಕೂಡಿಸುವ ಸರಳು) ಗಿರಗಿರ ತಿರುಗುತ್ತಿರುತ್ತದೆ. ಸಡಿಲ ಜಡೆಯೋ ಬಟ್ಟೆಯ ತುದಿಯೋ ಅದಕ್ಕೆ ಸಿಕ್ಕರೆ ಆಗುವ ಅನಾಹುತ ಸಣ್ಣದಲ್ಲ. ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಿ ಹೆಲ್ಮೆಟ್ ಒಳಗೋ ಅಂಗಿಯ ಒಳಗೋ ಸೇರಿಸಿ. ಕುತ್ತಿಗೆಗೆ ಸುತ್ತಿದ ಬಟ್ಟೆ ಯಾವುದೇ ಇರಲಿ, ತೆಗೆದಿಡಿ. ಹೂಡಿ ದಾರ ಕೂಡ ಒಳಗೆ ಹೋಗಲಿ.

ಹೆಲ್ಮೆಟ್ ನೋಡುವುದು ಹೀಗೆ. ಹಾಕಿಕೊಂಡು ಪಟ್ಟಿ ಬಿಗಿ ಮಾಡಿ. ಪಟ್ಟಿ ಮತ್ತು ಗದ್ದದ ನಡುವೆ ಒಂದು ಬೆರಳು ಮಾತ್ರ ಹೋಗಬೇಕು. ಈಗ ಹೆಲ್ಮೆಟ್‌ನ ಗದ್ದದ ಭಾಗ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕೆನ್ನೆಯ ಚರ್ಮವೂ ಜೊತೆಗೆ ಎಳೆದಂತಾದರೆ ಸರಿ. ತಲೆ ಸುಮ್ಮನಿದ್ದು ಹೆಲ್ಮೆಟ್ ಮಾತ್ರ ತಿರುಗಿದರೆ ಚಿಕ್ಕದು ಕೇಳಿ. ಮಕ್ಕಳಿಗೆ ದೊಡ್ಡ ಹೆಲ್ಮೆಟ್ ಸಿಗುವುದೇ ಜಾಸ್ತಿ. ಅದು ಕಣ್ಣಿನ ಮೇಲೆ ಜಾರಿದರೆ ಮಗುವಿಗೆ ದಾರಿಯೇ ಕಾಣುವುದಿಲ್ಲ. ಈ ಪರೀಕ್ಷೆಯನ್ನು ಸಿಬ್ಬಂದಿಗೆ ಬಿಡದೆ ನೀವೇ ಮಾಡಿ. ಕನ್ನಡಕ ಇರುವವರು ಮೊದಲು ಹೆಲ್ಮೆಟ್, ಆಮೇಲೆ ಕನ್ನಡಕ.

ಬಾವುಟದ ಪಾಠ ಮನೆಯಲ್ಲೇ

ಟ್ರ್ಯಾಕ್‌ನಲ್ಲಿ ಹೇಳಿಕೊಡುತ್ತಾರೆ, ನಿಜ. ಆದರೆ ಆಗ ಮಕ್ಕಳ ಗಮನವೆಲ್ಲ ಕಾರ್ಟ್ ಮೇಲಿರುತ್ತದೆ. ನಾವು ಹಿಂದಿನ ದಿನವೇ ಹಾಲ್‌ನಲ್ಲಿ ಕುರ್ಚಿಗಳನ್ನಿಟ್ಟು ಟ್ರ್ಯಾಕ್ ಮಾಡಿದೆವು. ಹಳದಿ ಟವೆಲ್ ಬೀಸಿದರೆ ಮುಂದೆ ಏನೋ ಆಗಿದೆ, ನಿಧಾನ, ಓವರ್‌ಟೇಕ್ ಇಲ್ಲ. ಕೆಂಪು ಬಂದರೆ ನಿಲ್ಲಬೇಕು. ಕಪ್ಪು-ಬಿಳಿ ಚೌಕದ ಬಾವುಟ ಬಂದರೆ ಸರದಿ ಮುಗೀತು. ಕೆಲವು ಕಡೆ ಬಾವುಟದ ಬದಲು ಬಣ್ಣದ ದೀಪ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನೀಲಿ. ಹಿಂದಿನಿಂದ ವೇಗದವರು ಬರುತ್ತಿದ್ದಾರೆ, ದಾರಿ ಬಿಡಿ ಎಂದು ಅರ್ಥ. ಅಮ್ಮನಿಗೆ ಮೊದಲು ನೀಲಿ ಕಂಡಾಗ ತಾನೇನೋ ತಪ್ಪು ಮಾಡಿದೆ ಅನ್ನಿಸಿ ಗಾಬರಿಯಾಗಿತ್ತು. ಅದು ಬೈಗುಳ ಅಲ್ಲ ಎಂದು ನಿಧಾನವಾಗಿ ಓಡಿಸುವವರಿಗೆ ಮೊದಲೇ ಹೇಳಿಡಿ. ನೇರ ದಾರಿಯಲ್ಲಿ ಒಂದು ಬದಿಗೆ ಸರಿದು ವೇಗ ತಗ್ಗಿಸಿದರೆ ಆಯ್ತು.

ಒಂದು ನಿಯಮವನ್ನಂತೂ ಮಕ್ಕಳ ಬಾಯಲ್ಲಿ ಹತ್ತು ಸಲ ಹೇಳಿಸಿ. ಕಾರ್ಟ್ ತಿರುಗಿ ನಿಂತುಬಿಟ್ಟರೂ, ಗೋಡೆಗೆ ತಾಗಿದರೂ, ಇಳಿಯಬಾರದು. ಬ್ರೇಕ್ ಒತ್ತಿ ಕೂತು ಒಂದು ಕೈ ಎತ್ತಬೇಕು. ಸಿಬ್ಬಂದಿ ಬರುತ್ತಾರೆ.

ಸ್ಟಿಯರಿಂಗ್ ಹಿಡಿದ ಮೇಲೆ

ಬಲಗಾಲಿಗೆ ವೇಗ, ಎಡಗಾಲಿಗೆ ಬ್ರೇಕ್. ಎರಡನ್ನೂ ಒಟ್ಟಿಗೆ ಒತ್ತಬೇಡಿ. ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ ಕೈ ಇರಲಿ. ಹೆಬ್ಬೆರಳನ್ನು ಸ್ಟಿಯರಿಂಗ್‌ನ ಕಡ್ಡಿಗೆ ಸುತ್ತಿ ಹಿಡಿಯಬೇಡಿ, ಅಂಚಿನ ಮೇಲೆ ಇಡಿ. ಚಕ್ರ ಎಲ್ಲಾದರೂ ಬಡಿದರೆ ಸ್ಟಿಯರಿಂಗ್ ಝಾಡಿಸಿ ತಿರುಗುತ್ತದೆ, ಹೆಬ್ಬೆರಳು ಉಳುಕಬಹುದು.

ತಿರುವಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಜೋರಾಗಿ ನುಗ್ಗಿ, ಪೂರ್ತಿ ಸ್ಟಿಯರಿಂಗ್ ಎಳೆಯುವುದು. ಆಗ ಟೈರ್ ಕಿರ್ ಅನ್ನುತ್ತದೆ, ಕಾರ್ಟಿನ ವೇಗ ಕುಸಿಯುತ್ತದೆ. ಕಾರಣ ಅದರ ರಚನೆಯಲ್ಲೇ ಇದೆ. ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಸರಳಿಗೆ ಕೂಡಿಸಿದ್ದು. ಕಾರಿನ ಹಾಗೆ ಬೇರೆ ಬೇರೆ ವೇಗದಲ್ಲಿ ಅವು ತಿರುಗಲಾರವು. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಹಾಗಾಗಿ ಒಳಗಿನ ಚಕ್ರ ನೆಲ ಬಿಟ್ಟು ಕೊಂಚ ಹಗುರಾಗಬೇಕು, ಇಲ್ಲವೇ ಉಜ್ಜಿಕೊಂಡು ಹೋಗಬೇಕು. ಅದಕ್ಕೆ ಬ್ರೇಕನ್ನು ನೇರ ದಾರಿಯಲ್ಲೇ ಒತ್ತಿ ಮುಗಿಸಿ. ಹೊರಬದಿಯಿಂದ ಬಂದು, ತಿರುವಿನ ನಡುವೆ ಒಳಬದಿ ಮುಟ್ಟಿ, ಮತ್ತೆ ಹೊರಬದಿಗೆ ಹೋಗಿ. ಸ್ಟಿಯರಿಂಗ್ ನೇರವಾಗುತ್ತಾ ಬಂದಂತೆ ವೇಗ ಕೊಡಿ. ಕಣ್ಣು ಮುಂದಿನ ಕಾರ್ಟಿನ ಬಂಪರ್ ಮೇಲಲ್ಲ, ಮುಂದಿನ ತಿರುವಿನ ಮೇಲಿರಲಿ.

1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಎಂಬವರು ಕೊಳವೆಗಳ ಚೌಕಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ಮೊದಲ ಕಾರ್ಟ್ ಮಾಡಿದರು. ಫಾರ್ಮುಲಾ ಒನ್ ಕಾರ್ ರೇಸಿನ ವಿಶ್ವ ಚಾಂಪಿಯನ್‌ಗಳಾದ ಅಯರ್ಟನ್ ಸೆನ್ನಾ, ಮೈಕೆಲ್ ಶೂಮಾಕರ್, ಲೂಯಿಸ್ ಹ್ಯಾಮಿಲ್ಟನ್ ಎಲ್ಲರೂ ಶುರು ಮಾಡಿದ್ದು ಕಾರ್ಟ್‌ನಿಂದಲೇ. ನಮ್ಮ ಅಕ್ಕನ ಮಗನಿಗೆ ಇದನ್ನು ಹೇಳಿದ ಮೇಲೆ ಅವನು ಬ್ರೇಕ್ ಹಾಕುವುದನ್ನು ಶ್ರದ್ಧೆಯಿಂದ ಕಲಿತ.

ಎಷ್ಟು ಸರದಿ, ಯಾರ ಜೊತೆ ಪೈಪೋಟಿ?

ಒಂದು ಸರದಿ ಸಾಮಾನ್ಯವಾಗಿ 8–10 ನಿಮಿಷ. ಕಡಿಮೆ ಅನ್ನಿಸುತ್ತೆ ಅಲ್ವಾ? ಪವರ್ ಸ್ಟಿಯರಿಂಗ್ ಇಲ್ಲದ ಕಾರಣ ಮುಂಗೈ ಬೇಗ ಸೋಲುತ್ತದೆ. ಎರಡು ಸರದಿ ಬುಕ್ ಮಾಡಿ, ನಡುವೆ ಅರ್ಧ ಗಂಟೆ ಬಿಡುವಿರಲಿ. ನೀರು ಕುಡಿಯಿರಿ. ಮಕ್ಕಳ ಸರದಿ ಮೊದಲು ಬರಲಿ, ಕಾದು ಕಾದು ಅವರ ಉತ್ಸಾಹ ಇಳಿಯುವ ಮುಂಚೆ.

ಈಗ ಆ ಲ್ಯಾಪ್ ಟೈಮ್ ಹಾಳೆಯ ವಿಷಯ. ಪ್ರತಿ ಕಾರ್ಟ್‌ನಲ್ಲಿರುವ ಸಾಧನ ಒಂದೊಂದು ಸುತ್ತಿನ ಸಮಯವನ್ನೂ ದಾಖಲಿಸುತ್ತದೆ. ಪರದೆಯಲ್ಲಿ ಹೆಸರುಗಳು ಮೇಲೆ ಕೆಳಗೆ ಬರುತ್ತವೆ. ಅದನ್ನು ನೋಡಿ ಯಾರು ಫಸ್ಟ್ ಎಂದು ಕೂಗಲು ಶುರು ಮಾಡಿದರೆ ಸಂಜೆ ಅಲ್ಲಿಗೆ ಕೆಟ್ಟ ಹಾಗೆ. ಪೈಪೋಟಿ ಸಮವೂ ಅಲ್ಲ. ಒಂದೇ ಥರದ ಕಾರ್ಟ್‌ನಲ್ಲಿ 45 ಕೆ.ಜಿ.ಯ ಹುಡುಗ 85 ಕೆ.ಜಿ.ಯ ಅಪ್ಪನಿಗಿಂತ ಬೇಗ ವೇಗ ಹಿಡಿಯುತ್ತಾನೆ. ನಾವು ಮಾಡುವುದು ಇಷ್ಟೇ. ಮೊದಲ ಸರದಿಯಲ್ಲಿ ಅವರವರ ಒಳ್ಳೆಯ ಸುತ್ತು ಎಷ್ಟು, ಎರಡನೆಯದರಲ್ಲಿ ಎಷ್ಟು, ನಡುವೆ ಎಷ್ಟು ಸೆಕೆಂಡ್ ಇಳಿಯಿತು? ಜಾಸ್ತಿ ಇಳಿಸಿದವರು ಗೆದ್ದ ಹಾಗೆ. ಅಕ್ಕನ ಮಗ ಒಂದೂವರೆ ಸೆಕೆಂಡ್ ಇಳಿಸಿದ್ದ. ಅಮ್ಮ ಒಂಬತ್ತು!

ಮರುದಿನ ಮುಂಗೈ, ಪಕ್ಕೆ ಸ್ವಲ್ಪ ನೋಯುವುದು ಸಹಜ. ಆದರೆ ಎಲ್ಲಾದರೂ ಗುದ್ದಿದ ಮೇಲೆ ತಲೆ ಸುತ್ತು, ವಾಂತಿ, ಕುತ್ತಿಗೆ ನೋವು ಬಂದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಆ ದಿನ ವಾಪಸ್ ಬರುವಾಗ ಅಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು, ಒಂದೊಂದು ಸಾಲಿನ ಮೇಲೆ ಬೆರಳಾಡಿಸುತ್ತಿದ್ದರು. "ಆರನೇ ಸುತ್ತಲ್ಲಿ ಜಾಸ್ತಿ ಹೊತ್ತು ತಗೊಂಡಿದೀನಿ ನೋಡು," ಅಂದರು. "ಆ ದೊಡ್ಡ ತಿರುವಲ್ಲಿ ಬ್ರೇಕು ತಡವಾಗಿ ಒತ್ತಿದೆ ಅನ್ಸುತ್ತೆ. ಮುಂದಿನ ಸಲ ಮೊದಲೇ ಒತ್ತಬೇಕು."