ಮುದ್ರಣಾಲಯದ ಉಬುಂಟು ಕಂಪ್ಯೂಟರಿನಲ್ಲಿ ಅಧಿಕಾರ ಯಾರ ಕೈಯಲ್ಲಿರಬೇಕು?

ಗದಗ-ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಪುಟವಿನ್ಯಾಸ ನನ್ನ ಕೆಲಸ. ಅಲ್ಲಿನ ಉಬುಂಟು ಕಂಪ್ಯೂಟರುಗಳ ಉಸ್ತುವಾರಿಯೂ ನನ್ನದೇ. ಲಗ್ನದ ಹಂಗಾಮಿನಲ್ಲಿ ಒಂದೇ ಯಂತ್ರದ ಮುಂದೆ ಬೆಳಿಗ್ಗೆ ಲಗ್ನಪತ್ರಿಕೆ ಜೋಡಿಸುವವರು, ಮಧ್ಯಾಹ್ನ ಜಾತ್ರೆಯ ಭಿತ್ತಿಪತ್ರ ಮಾಡುವವರು, ಸಂಜೆ ಲೆಕ್ಕ ಬರೆಯುವವರು ಕೂರುತ್ತಾರೆ. ಇಂಥ ಕಡೆ ಎಲ್ಲರಿಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್, ಅದೂ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯ ಮೇಲೆ. ಈ ರೂಢಿಯನ್ನು ಬಿಡಿಸಬೇಕೆಂಬುದು ನನ್ನ ಹಟ. ಕೆಳಗಿನದೆಲ್ಲ ಉಬುಂಟು 24.04ಕ್ಕೆ ಹೊಂದುತ್ತದೆ. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಬೇಕು.

ಉಬುಂಟುವಿಗೆ ಆಧಾರವಾದ ಲಿನಕ್ಸಿನಲ್ಲಿ ಎಲ್ಲಕ್ಕೂ ಒಡೆಯನಾದ ಖಾತೆ ರೂಟ್. ಉಬುಂಟು ಅದಕ್ಕೆ ಪಾಸ್‌ವರ್ಡನ್ನೇ ಕೊಡದೆ ಬೀಗ ಹಾಕಿರುತ್ತದೆ. ಬದಲಿಗೆ, ಅನುಸ್ಥಾಪನೆಯ ವೇಳೆ ತೆರೆದ ಮೊದಲ ಖಾತೆಯನ್ನು ಸುಡೊ ಎಂಬ ಗುಂಪಿಗೆ ಸೇರಿಸುತ್ತದೆ. ಈ ಗುಂಪಿನಲ್ಲಿರುವವರು ಕಮಾಂಡಿನ ಮೊದಲಿಗೆ ಸುಡೊ ಎಂದು ಬರೆದು, ತಮ್ಮದೇ ಪಾಸ್‌ವರ್ಡ್ ಕೊಟ್ಟು ರೂಟ್ ಮಾಡಬಹುದಾದ ಯಾವ ಕೆಲಸವನ್ನಾದರೂ ಮಾಡಬಲ್ಲರು. ಫೆಡೋರಾ ಎಂಬ ಇನ್ನೊಂದು ಬಗೆಯ ಲಿನಕ್ಸಿನಲ್ಲಿ ಇದೇ ಪಾತ್ರ ವೀಲ್ ಎಂಬ ಗುಂಪಿನದು. ರೂಟ್‌ಗೆ ಪಾಸ್‌ವರ್ಡ್ ಇಟ್ಟು ಬೀಗ ತೆಗೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಹಲವರು ಕೈಯಾಡಿಸುವ ಯಂತ್ರದಲ್ಲಿ ಅದು ಬೇಡವೇ ಬೇಡ. ಸುಡೊ ಬಳಸಿದರೆ ಯಾರು, ಯಾವಾಗ, ಯಾವ ಕಮಾಂಡ್ ಕೊಟ್ಟರೆಂಬುದು ವ್ಯವಸ್ಥೆಯ ದಾಖಲೆಯಲ್ಲಿ ಉಳಿಯುತ್ತದೆ. ಎಲ್ಲರೂ ರೂಟ್ ಆಗಿಯೇ ಒಳಗೆ ಬಂದರೆ ಈ ಗುರುತು ಅಳಿಸಿಹೋಗುತ್ತದೆ.

ಮೊದಲು ಮಾಡಬೇಕಾದದ್ದು ಖಾತೆಗಳನ್ನು ಬೇರ್ಪಡಿಸುವುದು. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಒಳಗಿನ ಯೂಸರ್ಸ್ ಪುಟಕ್ಕೆ ಹೋಗಿ, ಅನ್‌ಲಾಕ್ ಒತ್ತಿ ಪಾಸ್‌ವರ್ಡ್ ಕೊಡಿ. ಕೆಲಸಗಾರರಿಗೆ ಒಬ್ಬೊಬ್ಬರಿಗೂ ಒಂದು ಖಾತೆ ತೆರೆಯಿರಿ, ಆದರೆ ಅಡ್ಮಿನಿಸ್ಟ್ರೇಟರ್ ಎಂಬ ಗುಂಡಿಯನ್ನು ಮುಟ್ಟಬೇಡಿ, ಅದು ಖಾತೆಯನ್ನು ಸುಡೊ ಗುಂಪಿಗೆ ಸೇರಿಸುತ್ತದೆ. ಅಡ್ಮಿನಿಸ್ಟ್ರೇಟರ್ ಖಾತೆ ಎರಡಿರಲಿ: ಒಂದು ಉಸ್ತುವಾರಿಯವರದು, ಇನ್ನೊಂದು ಮಾಲೀಕರದು. ಎರಡನೆಯದರ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಗಲ್ಲಾಪೆಟ್ಟಿಗೆಯಲ್ಲಿಡಿ. ಉಸ್ತುವಾರಿಯವರು ಊರಲ್ಲಿಲ್ಲದ ದಿನ ಅದು ಕೈಗೆ ಬರುತ್ತದೆ. ನಾನು ಕೂಡ ದಿನದ ಕೆಲಸಕ್ಕೆ ಸಾಮಾನ್ಯ ಖಾತೆಯನ್ನೇ ಬಳಸುತ್ತೇನೆ. ಏನಾದರೂ ಸ್ಥಾಪಿಸಬೇಕಾದಾಗ ಪರದೆಯ ಮೇಲೆ ಬರುವ ಚೌಕ ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಕೆಲಸ ಮುಂದುವರಿಯುತ್ತದೆ.

ಅಧಿಕಾರ ಕಿತ್ತುಕೊಂಡರೆ ಕೆಲಸ ನಿಲ್ಲುತ್ತದೆ ಎಂಬ ದೂರು ತಪ್ಪದೆ ಬರುತ್ತದೆ. ಅದನ್ನು ತಳ್ಳಿಹಾಕದೆ, ಯಾವ ಕೆಲಸ ನಿಲ್ಲುತ್ತದೆ ಎಂದು ಕೇಳಿ. ನಮ್ಮಲ್ಲಿ ಬಂದ ಉತ್ತರಗಳು ಎರಡೇ: ಫಾಂಟ್ ಮತ್ತು ಪ್ರಿಂಟರ್.

ಫಾಂಟಿಗೆ ಯಾವ ಅನುಮತಿಯೂ ಬೇಕಿಲ್ಲ. ಗಿರಾಕಿ ಪೆನ್‌ಡ್ರೈವಿನಲ್ಲಿ ತಂದ ಯೂನಿಕೋಡ್ ಫಾಂಟಿನ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಎಂದರೆ, ಅದು ಆ ಕೆಲಸಗಾರನ ಸ್ವಂತ ಫೋಲ್ಡರಿನಲ್ಲಿ ಕೂರುತ್ತದೆ. ಬೇರೆ ಖಾತೆಗಳಿಗೆ ಕಾಣುವುದಿಲ್ಲ, ಅಷ್ಟೇ.

ಪ್ರಿಂಟರಿನದು ನಿಜವಾದ ತೊಡಕು. ಕಾಗದ ಸಿಕ್ಕಿಕೊಂಡು ಸರದಿ ನಿಂತಾಗ ಪ್ರಿಂಟರ್ ‘ಪಾಜ್ಡ್’ (ತಡೆಹಿಡಿದಿದೆ) ಎಂದು ತೋರಿಸುತ್ತ ಕೂರುತ್ತದೆ. ಕಾಗದ ತೆಗೆದರೂ ಅದು ತಾನಾಗಿ ಏಳುವುದಿಲ್ಲ, ಸಾಮಾನ್ಯ ಖಾತೆಯವರು ಎಬ್ಬಿಸುವಂತೆಯೂ ಇಲ್ಲ. ಇಷ್ಟಕ್ಕಾಗಿ ಇಡೀ ಯಂತ್ರದ ಅಧಿಕಾರ ಕೊಡುವುದು ಅನ್ಯಾಯ. ಪ್ರಿಂಟರ್ ನಿರ್ವಹಣೆಗೆಂದೇ ಎಲ್‌ಪಿಅಡ್ಮಿನ್ ಎಂಬ ಗುಂಪಿದೆ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ, ಕಮಾಂಡು ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ಹೀಗೆ ಬರೆಯಿರಿ:

ಸುಡೊ ಆಡ್‌ಯೂಸರ್ (ಕೆಲಸಗಾರನ ಖಾತೆಯ ಹೆಸರು) ಎಲ್‌ಪಿಅಡ್ಮಿನ್

ಆತ ಒಮ್ಮೆ ಲಾಗ್ ಔಟ್ ಆಗಿ ಮರಳಲಿ. ನಂತರ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಲೋಕಲ್‌ಹೋಸ್ಟ್, ಕೋಲನ್, 631 ಎಂದು ಹೊಡೆದರೆ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನ ಪುಟ ತೆರೆಯುತ್ತದೆ. ಅಲ್ಲಿ ಪ್ರಿಂಟರನ್ನು ಆರಿಸಿ ರೆಸ್ಯೂಮ್ ಒತ್ತಿದಾಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಆತನದೇ ಸಾಕು. ಹೊಸ ಪ್ರಿಂಟರನ್ನೂ ಅಲ್ಲೇ ಸೇರಿಸಬಹುದು. ವ್ಯವಸ್ಥೆಯ ಉಳಿದ ಭಾಗಗಳು ಅವನ ಕೈಗೆ ಸಿಗುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರು ಒಂದು ಸಂಗತಿಯನ್ನು ನೆನಪಿಡಬೇಕು. ಟರ್ಮಿನಲ್ಲಿನಲ್ಲಿ ಸುಡೊ ಪಾಸ್‌ವರ್ಡ್ ಕೇಳಿದಾಗ ನೀವು ಏನು ಹೊಡೆದರೂ ಅಕ್ಷರವಾಗಲಿ ಚುಕ್ಕೆಯಾಗಲಿ ಮೂಡುವುದಿಲ್ಲ. ಕರ್ಸರ್ ಇದ್ದಲ್ಲೇ ಇರುತ್ತದೆ. ಆಗಷ್ಟೇ ಲಗ್ನಪತ್ರಿಕೆಯ ಮಜಕೂರು ಬೆರಳಚ್ಚು ಮಾಡಿ ಬಂದಿದ್ದರೆ ಕೀಲಿಮಣೆ ಇನ್ನೂ ಕನ್ನಡದಲ್ಲೇ ಇರುತ್ತದೆ. ಆಗ ನಿಮ್ಮ ಸರಿಯಾದ ಪಾಸ್‌ವರ್ಡ್ ಕನ್ನಡ ಅಕ್ಷರಗಳಾಗಿ ಒಳಗೆ ಹೋಗಿ, ತಪ್ಪೆಂದು ತಿರಸ್ಕೃತವಾಗುತ್ತದೆ. ಮೂರು ಸಲ ತಪ್ಪಿದರೆ ಸುಡೊ ಕೈಚೆಲ್ಲುತ್ತದೆ. ಪಾಸ್‌ವರ್ಡ್ ಮರೆತೆನೆಂದು ಗಾಬರಿಯಾಗುವ ಮೊದಲು ಪರದೆಯ ಮೇಲ್ತುದಿಯ ಭಾಷಾ ಗುರುತನ್ನು ನೋಡಿ, ಇಂಗ್ಲಿಷಿಗೆ ಬದಲಿಸಿ.

ಒಮ್ಮೆ ಪಾಸ್‌ವರ್ಡ್ ಕೊಟ್ಟ ಮೇಲೆ ಅದೇ ಟರ್ಮಿನಲ್ಲಿನಲ್ಲಿ 15 ನಿಮಿಷ ಮತ್ತೆ ಕೇಳುವುದಿಲ್ಲ. ಅಷ್ಟರಲ್ಲಿ ಎದ್ದು ಚಹಾಕ್ಕೆ ಹೋದರೆ ಆ ಕುರ್ಚಿಯಲ್ಲಿ ಕೂತವರಿಗೆ ನಿಮ್ಮ ಅಧಿಕಾರವೆಲ್ಲ ಸಿಕ್ಕಂತೆ. ಏಳುವ ಮುನ್ನ ಟರ್ಮಿನಲ್ ಮುಚ್ಚಿ, ಪರದೆಗೆ ಬೀಗ ಹಾಕಿ.

ಈಗಾಗಲೇ ಅಧಿಕಾರ ಪಡೆದವರಿಂದ ಅದನ್ನು ಹಿಂಪಡೆಯಲು ಯೂಸರ್ಸ್ ಪುಟದ ಗುಂಡಿಯೇ ಸುರಕ್ಷಿತ. ಟರ್ಮಿನಲ್ಲಿನಲ್ಲಾದರೆ ‘ಸುಡೊ ಡೆಲ್‌ಯೂಸರ್’ ಎಂದು ಬರೆದು, ಖಾತೆಯ ಹೆಸರು ಹಾಕಿ, ಕೊನೆಗೆ ಮತ್ತೆ ‘ಸುಡೊ’ ಎಂದು ಬರೆಯಬೇಕು. ಆ ಕೊನೆಯ ಪದ ಬಿಟ್ಟುಹೋದರೆ ಗುಂಪಿನಿಂದ ತೆಗೆಯುವ ಬದಲು ಖಾತೆಯೇ ಅಳಿದುಹೋಗುತ್ತದೆ. ಎಂಟರ್ ಒತ್ತುವ ಮುನ್ನ ಸಾಲನ್ನು ಇನ್ನೊಮ್ಮೆ ಓದಿ.

ಸುಡೊದ ನಿಯಮಗಳಿರುವ ಸುಡೊಯರ್ಸ್ ಕಡತವನ್ನು ಈ ಕೆಲಸಗಳಿಗಾಗಿ ಮುಟ್ಟಬೇಕಿಲ್ಲ. ಮುಟ್ಟಲೇಬೇಕಾದರೆ ‘ಸುಡೊ ವಿಸುಡೊ’ ಮೂಲಕವೇ ತೆರೆಯಿರಿ. ಅದು ಉಳಿಸುವ ಮೊದಲು ವ್ಯಾಕರಣ ಪರೀಕ್ಷಿಸುತ್ತದೆ. ಬೇರೆ ಸಂಪಾದಕದಲ್ಲಿ ತೆರೆದು ಒಂದು ಅಕ್ಷರ ತಪ್ಪಿದರೂ ಸುಡೊ ಕೆಡಬಹುದು.

ಇಷ್ಟೆಲ್ಲ ಮಾಡಿದರೂ, ಯಂತ್ರವನ್ನು ಮರುಚಾಲನೆ ಮಾಡಿ, ದುರಸ್ತಿಗೆಂದಿರುವ ರಿಕವರಿ ಮೋಡಿಗೆ ಹೋಗಬಲ್ಲವರು ಪಾಸ್‌ವರ್ಡ್ ಇಲ್ಲದೆಯೇ ರೂಟ್ ಆಗಬಲ್ಲರು. ಪಾಸ್‌ವರ್ಡ್ ನಿಜವಾಗಿ ಮರೆತಾಗ ನಮ್ಮನ್ನು ಉಳಿಸುವ ದಾರಿಯೂ ಅದೇ. ಲೆಕ್ಕಪತ್ರ ಇರುವ ಯಂತ್ರಕ್ಕೆ ಅನುಸ್ಥಾಪನೆಯ ವೇಳೆಯಲ್ಲೇ, ಗುಪ್ತಪದವಿಲ್ಲದೆ ಡಿಸ್ಕನ್ನು ಓದಲಾಗದಂತೆ ಮಾಡುವ ಡಿಸ್ಕ್ ಎನ್‌ಕ್ರಿಪ್ಶನ್ ಆರಿಸಿಕೊಳ್ಳಿ, ಆದರೆ ಅದರ ಗುಪ್ತಪದ ಕಳೆದುಹೋದರೆ ಕಡತಗಳೂ ಹೋದವೆಂದೇ ತಿಳಿಯಿರಿ. ಹೊಸ ಪರಿಷ್ಕರಣೆಗಳನ್ನೂ ಮುಂದೂಡಬೇಡಿ. 2021ರ ಜನವರಿಯಲ್ಲಿ ಸುಡೊದಲ್ಲೇ ಒಂದು ದೋಷ ಬಯಲಾಯಿತು. ಸಾಮಾನ್ಯ ಖಾತೆಯಿಂದಲೇ ರೂಟ್ ಆಗಲು ಎಡೆಕೊಡುತ್ತಿದ್ದ ಅದು 2011ರಿಂದ ಯಾರ ಗಮನಕ್ಕೂ ಬಾರದೆ ಉಳಿದಿತ್ತು.

ಕೆಲಸ ಬಿಟ್ಟು ಹೋದವರ ಖಾತೆಯನ್ನು ಅದೇ ದಿನ ನಿಷ್ಕ್ರಿಯಗೊಳಿಸಿ, ಆದರೆ ಅಳಿಸಲು ಆತುರ ಬೇಡ. ಯೂಸರ್ಸ್ ಪುಟದಲ್ಲಿ ಖಾತೆ ತೆಗೆಯುವಾಗ ಕಡತಗಳನ್ನು ಉಳಿಸಬೇಕೇ, ಅಳಿಸಬೇಕೇ ಎಂದು ಕೇಳುತ್ತದೆ. ಉಳಿಸಿ ಎಂದೇ ಹೇಳಿ. ಹೋದ ವರ್ಷದ ಲಗ್ನಪತ್ರಿಕೆಯ ವಿನ್ಯಾಸವೇ ಬೇಕೆಂದು ತಮ್ಮನ ಮದುವೆಗೆ ಬರುವ ಗಿರಾಕಿಗಳು ನಮ್ಮಲ್ಲಿ ಬಹಳ.