‘ಬೇಜಾರು ಮಾಡ್ಕೋಬೇಡಿ’ ಅನ್ನುವ ಮುಂಚೆ

ನಮ್ಮ ಮನೆಯ ಹುಡುಗನೊಬ್ಬ ಗೃಹಪ್ರವೇಶಕ್ಕೆ ಚಿಕ್ಕಮ್ಮನನ್ನು ಕರೆಯುವುದನ್ನೇ ಮರೆತ. ಮಾರನೇ ದಿನ ಫೋನ್ ಮಾಡಿ, ‘ಚಿಕ್ಕಮ್ಮಾ, ಬೇಜಾರು ಮಾಡ್ಕೋಬೇಡಿ’ ಅಂದ. ‘ನಾನೆಲ್ಲಿ ಮಾಡ್ಕೊಂಡೆ? ಮಾಡಿದ್ದು ನೀನು’ ಅಂತ ಅವರು ಫೋನ್ ಇಟ್ಟೇಬಿಟ್ಟರು. ಇಂಥ ಎಡವಟ್ಟು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಈ ಪದ ಬಳಸುವ ಬಗೆಯನ್ನು ಬರೆಯುತ್ತಿದ್ದೇನೆ.

ಮೊದಲು ಪದ ಆರಿಸಿಕೊಳ್ಳಿ. ‘ಬೇಜಾರು’ ಪರ್ಷಿಯನ್ ಮೂಲದ್ದು. ‘ಬೇಸರ’ ನಮ್ಮದೇ, ತೆಲುಗಿನ ‘ವೇಸರು’ ಅದರ ನಂಟ. ಮಾತಿಗೆ ಬೇಜಾರು, ಪತ್ರಕ್ಕೆ ಬೇಸರ. ಅಷ್ಟೇ.

ಎರಡನೆಯದು, ಯಾವ ಬೇಜಾರು ಅನ್ನೋದು. ‘ಬೇಜಾರು ಬಂತು’ ಅಂದರೆ ಸಾಕಾಗಿಹೋಯಿತು ಎಂದು. ಮನಸ್ಸು ನೊಂದಾಗ ‘ಬೇಜಾರಾಯ್ತು’.

ಎಲ್ಲರೂ ಎಡವುವುದು ಮೂರನೆಯದರಲ್ಲಿ. ‘ಬೇಜಾರಾಯ್ತು’ ಯಾರನ್ನೂ ನೇರ ದೂರುವುದಿಲ್ಲ. ‘ಬೇಜಾರು ಮಾಡಿದೆ’ ಅಂದರೆ ಕಾರಣ ನಾನೇ ಎಂದು ಒಪ್ಪಿಕೊಂಡಂತೆ. ‘ಕೊಳ್ಳು’ ಸೇರಿದರೆ ಮಾತೇ ತಿರುಗುತ್ತದೆ. ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಬಡಿಸುವುದು ಇನ್ನೊಬ್ಬರ ಎಲೆಗೆ, ಬಡಿಸಿಕೊಳ್ಳುವುದು ನಮ್ಮ ಎಲೆಗೆ. ಹಾಗೆಯೇ ‘ಬೇಜಾರು ಮಾಡ್ಕೋಬೇಡಿ’ ಅಂದಾಗ ಬೇಜಾರಿನ ಹೊಣೆ ನೊಂದವರ ಎಲೆಗೇ ಬೀಳುತ್ತದೆ. ನೋವಾಗುವ ಮುಂಚೆ ಹೇಳಿದರೆ ಅದು ಚೆಂದದ ಮಾತು: ‘ಮದುವೆಗೆ ಬರೋಕಾಗಲ್ಲ, ಬೇಜಾರು ಮಾಡ್ಕೋಬೇಡಿ.’ ನೋಯಿಸಿದ ಮೇಲೆ ಅದು ಸಲ್ಲ. ಆಗ ಹೇಳಬೇಕಾದದ್ದು, ‘ಕರೆಯೋದು ಮರೆತೆ. ನಿಮಗೆ ಬೇಜಾರು ಮಾಡಿದೆ. ತಪ್ಪಾಯ್ತು.’

‘ಬೇಜಾರಾಗಿದ್ರೆ ಸಾರಿ’ ಬೇಡವೇ ಬೇಡ. ಎದುರಿಗಿರುವವರ ಕಣ್ಣು ತುಂಬಿರುವಾಗ ‘ಇದ್ರೆ’ ಅನ್ನುವುದು ಇನ್ನೂ ಜಾಸ್ತಿ ಚುಚ್ಚುತ್ತದೆ.

‘ನಿಮ್ಮನ್ನು ಬೇಜಾರು ಮಾಡಿದೆ’ ಅಂತಲೂ ಈಗ ಕೇಳಿಬರುತ್ತಿದೆ. ಬೇಜಾರು ಮಾಡುವುದು ‘ನಿಮಗೆ’. ‘ನಿಮ್ಮನ್ನು’ ಬೇಕಿದ್ದರೆ ‘ನೋಯಿಸಿದೆ’ ಅನ್ನಿ. ಅನುವಾದದ ಆ್ಯಪ್‌ಗಳನ್ನು ಈ ಕೆಲಸಕ್ಕೆ ನಂಬಬೇಡಿ. ‘ನಿಮ್ಮನ್ನು ಅಸಮಾಧಾನಗೊಳಿಸಿದ್ದಕ್ಕೆ ವಿಷಾದಿಸುತ್ತೇನೆ’ ಎಂಬ ಸಾಲನ್ನು ಯಾವ ಚಿಕ್ಕಮ್ಮನಿಗೂ ಕಳಿಸಬಾರದು, ಅಲ್ವಾ? ಹೂವಿನ ಚಿತ್ರದ ಮೇಲೆ ‘ಕ್ಷಮಿಸಿ’ ಅಂತ ಬರೆದ ವಾಟ್ಸಾಪ್ ಕಾರ್ಡೂ ಬೇಡ. ಫೋನ್ ಮಾಡಿ. ಹತ್ತಿರದಲ್ಲಿದ್ದರೆ ಮನೆಗೇ ಹೋಗಿ.

ಕೊನೆಯದಾಗಿ, ‘ತಪ್ಪಾಯ್ತು’ ಅಂದ ಮೇಲೆ ‘ಆದರೆ’ ಸೇರಿಸಬೇಡಿ. ಅವರು ಬೈದರೆ ಬೈಯಲಿ, ಸುಮ್ನೆ ಕೇಳಿಸಿಕೊಳ್ಳಿ.